ತೋಳಿನ ಅಳತೆ

ಅಕ್ಟೋಬರ್ ಬಂತೆಂದರೆ ನಮ್ಮ ಓಣಿಯ ಗಂಡಸರ ತೋಳು ನೋಡಬೇಕು. ಮೊಣಕೈಯ ಒಳಮಡಿಕೆಯಲ್ಲಿ ಒಂದು ಚೂರು ಹತ್ತಿ, ಅದರ ಮೇಲೆ ಬಿಳಿ ಪಟ್ಟಿ. ನಿಕರಾಗುವಾದ ಸಕ್ಕರೆ ಅಂತ ಚೀಲದ ಮೇಲೆ ಅಚ್ಚು ಹಾಕಿ ಹಡಗು ಹತ್ತಿಸುತ್ತಾರಲ್ಲ, ಅದರ ಕಬ್ಬು ಕಡಿಯುವವರು ನಾವು. ಕಟಾವು ಶುರುವಾಗುವ ಮುಂಚೆ ಫ್ಯಾಕ್ಟರಿಯವರು ಎಲ್ಲರ ರಕ್ತ ತೆಗೆಸಿ ನೋಡುತ್ತಾರೆ. ಮೂತ್ರಪಿಂಡ ಕೆಟ್ಟಿದ್ದರೆ ರಕ್ತದಲ್ಲಿ ಕ್ರಿಯಾಟಿನಿನ್ ಅನ್ನುವ ಕೊಳೆಯ ಅಂಕಿ ಏರಿರುತ್ತದೆ, ಏರಿದವನಿಗೆ ಆ ವರ್ಷ ಕೆಲಸವಿಲ್ಲ. ಆಮೇಲೆ ಎರಡು ವಾರ ಇಲ್ಲಿ ಯಾರೂ ಯಾರನ್ನೂ ಚೆನ್ನಾಗಿದ್ದೀಯಾ ಅಂತ ಕೇಳುವುದಿಲ್ಲ, ನಿನ್ನದೆಷ್ಟು ಬಂತು ಅಂತ ಕೇಳುತ್ತಾರೆ. ಒಂದರ ಆಸುಪಾಸು ಬಂದವನು ಎದೆ ಸೆಟೆಸಿಕೊಂಡು ತಿರುಗುತ್ತಾನೆ. ಎರಡರ ಹತ್ತಿರ ಹೋದವನು ಹಿತ್ತಿಲ ದಾರಿ ಹಿಡಿದು ಓಡಾಡುತ್ತಾನೆ.

ನನ್ನ ಗಂಡ ಎವರಿಸ್ತೋ ಹದಿನೆಂಟು ಹಂಗಾಮು ಕಬ್ಬು ಕಡಿದವನು. ಈ ಸಲದ ಅಕ್ಟೋಬರಿನಲ್ಲಿ ಅವನು ಅಂಗಳದ ಬೇವಿನ ಮರಕ್ಕೂ ಮನೆಯ ಕಂಬಕ್ಕೂ ಕಟ್ಟಿದ ಹಗ್ಗದ ಜೋಲಿಯಲ್ಲಿ ಮಲಗಿರುತ್ತಿದ್ದ. ಒಂದೂವರೆ ವರ್ಷದ ಹಿಂದೆ, ಮಾರ್ಚಿನ ಬಿಸಿಲಲ್ಲಿ, ಕಬ್ಬಿನ ಸಾಲಿನ ನಡುವೆ ಬಿದ್ದವನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದಿದ್ದರು. ಚಿನಾಂದೆಗಾದ ದೊಡ್ಡಾಸ್ಪತ್ರೆಯವರು ಮೂತ್ರಪಿಂಡದಲ್ಲಿ ಹತ್ತರಲ್ಲೊಂದು ಪಾಲು ಉಳಿದಿದೆ, ಡಯಾಲಿಸಿಸ್ ಬೇಕಾಗುತ್ತದೆ ಅಂದರು. ಇವನು ಒಲ್ಲೆ ಅಂದ. ಅವನ ಚಿಕ್ಕಪ್ಪನ ಮಕ್ಕಳಿಬ್ಬರು ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಇಳಿದು, ಆ ಯಂತ್ರದ ಪಕ್ಕದಲ್ಲೇ ಕಣ್ಣು ಮುಚ್ಚಿದ್ದರು. ನಾನು ಅತ್ತು ಬೇಡಿಕೊಂಡೆ, ಪಾದ್ರಿಯ ಹತ್ತಿರ ಹೇಳಿಸಿದೆ. ಅವನು ಜಗ್ಗಲಿಲ್ಲ.

ಹಾಗಾಗಿ ಆರೋಗ್ಯ ಕೇಂದ್ರದಿಂದ ನರ್ಸ್ ಯಾದಿರಾ ಬರಲು ಶುರು ಮಾಡಿದಳು. ಪ್ರತಿ ಮಂಗಳವಾರ ಮೋಟಾರ್ ಸೈಕಲ್ಲಿನಲ್ಲಿ, ಬೆನ್ನಿಗೆ ಚೀಲ, ಚೀಲದಲ್ಲಿ ತೂಕದ ಯಂತ್ರ. ರೋಗ ವಾಸಿ ಮಾಡಲು ನಾನು ಬರುತ್ತಿಲ್ಲ, ಇವರು ನರಳದಂತೆ ನೋಡಿಕೊಳ್ಳಲು ಬರುತ್ತಿದ್ದೇನೆ ಅಂತ ಮೊದಲ ದಿನವೇ ಹೇಳಿದ್ದಳು. ಆ ನೇರ ಮಾತಿಗೆ ಅವಳನ್ನು ಒಂದು ತಿಂಗಳು ದ್ವೇಷಿಸಿದೆ. ಆದರೆ ಮೈಕೆರೆತಕ್ಕೆ ಅವಳು ಕೊಟ್ಟ ಮುಲಾಮು, ಓಕರಿಕೆಗೆ ಕೊಟ್ಟ ಮಾತ್ರೆ, ಉಸಿರು ಕಟ್ಟಿದಾಗ ಹೇಗೆ ಒರಗಿಸಿ ಕೂರಿಸಬೇಕು ಅಂತ ತೋರಿಸಿಕೊಟ್ಟದ್ದು, ಇವೆಲ್ಲ ಅವನಿಗೆ ನಿದ್ದೆ ತಂದವು. ಅವನು ನಿದ್ದೆ ಮಾಡಿದರೆ ನನಗೂ ನಿದ್ದೆ.

ತೂಕದ ವಿಷಯದಲ್ಲಿ ನನಗೆ ಜಂಬವಿತ್ತು. ನೂರ ಮೂವತ್ತೆರಡು ಪೌಂಡು. ಜೂನಿನಲ್ಲೂ ಅಷ್ಟೇ, ಜುಲೈಯಲ್ಲೂ ಅಷ್ಟೇ, ಆಗಸ್ಟಿನಲ್ಲಿ ಒಂದು ಪೌಂಡು ಹೆಚ್ಚೇ. ನಾನು ತೋರ್ತಿಯಾ ರೊಟ್ಟಿ ತಟ್ಟಿ ಮಾರುವವಳು. ಬಂದ ಹೆಂಗಸರಿಗೆಲ್ಲ ನನ್ನ ಕೈಯೂಟದ ಗುಣ ನೋಡಿ ಅಂತ ಹೇಳಿಕೊಂಡದ್ದೇ ಹೇಳಿಕೊಂಡದ್ದು. ಒಂದು ಮಂಗಳವಾರ, ನನ್ನನ್ನು ಗೌರವಕ್ಕೆ ದೋನ್ಯಾ ಅನ್ನುವ ಯಾದಿರಾಗೂ ಹೇಳಿದೆ. ಅವಳು ಎವರಿಸ್ತೋನ ಕಣಕಾಲಿನ ಮೇಲೆ ಹೆಬ್ಬೆರಳೊತ್ತಿ ತೆಗೆದಳು. ಗುಳಿ ಹಾಗೇ ಉಳಿಯಿತು.

"ದೋನ್ಯಾ ಪೋಲಾ, ಈ ಯಂತ್ರಕ್ಕೆ ನೀರ್ಯಾವುದು ಮಾಂಸ ಯಾವುದು ಅಂತ ಗೊತ್ತಾಗಲ್ಲ, ಎರಡೂ ಸೇರಿಸಿ ಹೇಳುತ್ತೆ," ಅಂದಳು. "ಒಳಗೆ ಮಾಂಸ ಕರಗ್ತಾ ಇದೆ, ಆ ಜಾಗಕ್ಕೆ ನೀರು ಬಂದು ಕೂತಿದೆ. ನೀವು ತೂಕ ನೋಡ್ಬೇಡಿ. ತೋಳು ನೋಡಿ."

ದರ್ಜಿಯವರ ಬಟ್ಟೆ ಟೇಪೊಂದನ್ನು ನನ್ನ ಕೈಗೆ ಕೊಟ್ಟು ಕಲಿಸಿದಳು. ಭುಜದ ಮೂಳೆಯಿಂದ ಮೊಣಕೈ ತುದಿಯವರೆಗೆ ಅಳೆದು ಸರಿಯಾಗಿ ನಡುವಿಗೆ ಪೆನ್ನಿನಿಂದ ಗೆರೆ ಹಾಕಬೇಕು. ತೋಳು ಸಡಿಲವಾಗಿ ಇಳಿಬಿಟ್ಟಿರಬೇಕು. ಗೆರೆಯ ಮೇಲೆ ಸುತ್ತಬೇಕು, ಬಿಗಿಯಬಾರದು. ಇಪ್ಪತ್ತಮೂರು ಸೆಂಟಿಮೀಟರ್ ಬಂತು. ಅಡುಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಎರಡು ವಾರಕ್ಕೆ ಇಪ್ಪತ್ತೆರಡೂವರೆ. ಸೆಪ್ಟೆಂಬರ್ ಮುಗಿಯುವಾಗ ಇಪ್ಪತ್ತೊಂದು. ಹದಿನೆಂಟು ವರ್ಷ ಮಚ್ಚು ಬೀಸಿದ ತೋಳು ಅದು. ಮದುವೆಯ ದಿನ ಅದರ ಮೇಲೆ ನನ್ನನ್ನು ಎತ್ತಿಕೊಂಡು ಹೊಳೆ ದಾಟಿದ್ದ, ನಾನೇನು ಆಗಲೂ ಸಣ್ಣವಳಾಗಿರಲಿಲ್ಲ.

ಊಟದ ಕಾವಲು ಬಿಡಿ ಅಂತಲೂ ಯಾದಿರಾ ಅಂದೇ ಹೇಳಿದಳು. ಅದು ನನಗೆ ಕಷ್ಟವಾಯಿತು. ಆಸ್ಪತ್ರೆಯಿಂದ ಬಂದಾಗಿನಿಂದ ನಾನು ಪೊಲೀಸಿನವಳ ಹಾಗೆ ಕಾದಿದ್ದೆ. ಉಪ್ಪು ಬೇಡ, ಕೆಂಪು ಕಾಳು ಅಳತೆಯಲ್ಲಿ, ಬಾಳೆಕಾಯಿ ಬೇಡ, ಆಲೂಗಡ್ಡೆ ಎರಡು ನೀರಿನಲ್ಲಿ ಬೇಯಿಸಿ ಎರಡೂ ನೀರು ಚೆಲ್ಲು. ಎಲ್ಲಕ್ಕಿಂತ ಮುಖ್ಯವಾಗಿ ಕುವಾಹಾದ ಬೇಡ. ಹಾಲು ಒಡೆಸಿ ಉಪ್ಪು ಬೆರೆಸಿ ಕಟ್ಟಿದ ಆ ಬಿಳಿಯ ಉಂಡೆ ಇಲ್ಲದೆ ಎವರಿಸ್ತೋ ರೊಟ್ಟಿ ಮುರಿದವನೇ ಅಲ್ಲ. ಒಂದೂವರೆ ವರ್ಷ ಅದು ನಮ್ಮ ಮನೆ ಬಾಗಿಲು ದಾಟದಂತೆ ನೋಡಿಕೊಂಡೆ. ಈಗ ಯಾದಿರಾ ಅವರಿಗೆ ಏನು ಸೇರುತ್ತೋ ಅದನ್ನು ಕೊಡಿ, ಚೂರು ಚೂರು, ಹೊತ್ತುಹೊತ್ತಿಗೆ, ಅನ್ನುತ್ತಾಳೆ. ಆದರೆ ಅವನಿಗೆ ಏನೂ ಸೇರುತ್ತಿರಲಿಲ್ಲ. ಏನು ತಿಂದರೂ ಮಚ್ಚು ನೆಕ್ಕಿದ ಹಾಗಿರುತ್ತದೆ ಅನ್ನುತ್ತಿದ್ದ.

ಇಷ್ಟೆಲ್ಲ ನಡೆಯುವಾಗ ನನ್ನ ಸಿಟ್ಟೆಲ್ಲ ಫ್ಯಾಕ್ಟರಿಯ ಮೇಲಿತ್ತು. ಅದಕ್ಕೆ ನನ್ನಲ್ಲಿ ಆಧಾರವೂ ಇತ್ತು. ಮಾತೆ ಮರಿಯಳ ಪಟದ ಹಿಂದೆ ಮೂರು ಕಾಗದ. ಎವರಿಸ್ತೋ ಬೀಳುವ ಮುಂಚಿನ ಮೂರು ಅಕ್ಟೋಬರಿನ ರಕ್ತಪರೀಕ್ಷೆ. ಮೂರರಲ್ಲೂ ಅವನ ಪೂರ್ತಿ ಹೆಸರು, ಮೂರರಲ್ಲೂ ಒಂದರ ಒಳಗಿನ ಅಂಕಿ. ಹುಟ್ಟಿದ ಮಗುವಿನ ರಕ್ತದಷ್ಟು ಶುದ್ಧ. ಹಾಗಿದ್ದ ಮನುಷ್ಯನ ಮೂತ್ರಪಿಂಡ ಐದು ತಿಂಗಳಲ್ಲಿ ಒಣಗಿಹೋಗುತ್ತದೆಯೇ? ಫ್ಯಾಕ್ಟರಿಯವರೇ ಸುಳ್ಳು ಬರೆದು, ರೋಗದವನನ್ನು ಗಟ್ಟಿಮುಟ್ಟಾಗಿದ್ದಾನೆಂದು ಹೇಳಿ ದುಡಿಸಿಕೊಂಡಿದ್ದಾರೆ. ಇದು ನನ್ನ ವಾದ. ಆ ಕಾಗದಗಳನ್ನು ಕೈಯಲ್ಲಿ ಹಿಡಿದು ಫ್ಯಾಕ್ಟರಿ ಗೇಟಿನ ಮುಂದೆ ನಾಲ್ಕು ದಿನ ನಿಂತು ಗಂಟಲು ಹರಿಯುವಂತೆ ಕೂಗಿದ್ದೆ. ಎವರಿಸ್ತೋನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿದ್ದೆ. ಅವನು ತಲೆ ತಗ್ಗಿಸಿ ಕೂತಿದ್ದ. ಪಾಪ, ನಿತ್ರಾಣ ಅಂದುಕೊಂಡೆ.

ಈ ವರ್ಷದ ರಕ್ತ ತೆಗೆಯುವ ದಿನವೂ ಮಂಗಳವಾರವೇ ಬಂತು. ನಮ್ಮ ಗ್ಯಾಂಗಿನದು ಮೇಸ್ತ್ರಿಯ ಅಂಗಳದಲ್ಲಿ ನಡೆಯುತ್ತದೆ. ನೂರಾರು ಜನ, ಬಿಸಿಲು, ಒಬ್ಬ ಹೆಸರು ಕೂಗುತ್ತಾನೆ, ಒಬ್ಬಳು ಸೂಜಿ ಚುಚ್ಚುತ್ತಾಳೆ. ನಮ್ಮ ಮಗ ಓಸ್ಮಿನ್‌ಗೆ ಇಪ್ಪತ್ತೆರಡು, ಮೂರು ಹಂಗಾಮಿನಿಂದ ಕಡಿಯುತ್ತಿದ್ದಾನೆ. ಅಪ್ಪ ಬಿದ್ದ ಮೇಲೆ ನಿನಗೆ ಕಬ್ಬು ಬೇಡವೋ ಅಂದಿದ್ದೆ. ನನ್ನ ಅಂಕಿ ಚೆನ್ನಾಗಿದೆ, ಅದು ಕೆಟ್ಟ ದಿನ ಬಿಡುತ್ತೇನೆ ಅಂತ ಮಾತು ಕೊಟ್ಟಿದ್ದ. ಆ ಮಾತಿನ ಮೇಲೆ ನಾನು ಅವನ ಬುತ್ತಿ ಕಟ್ಟುತ್ತಿದ್ದೆ.

ಅವತ್ತು ಹತ್ತು ಗಂಟೆಗೆಲ್ಲ ಓಸ್ಮಿನ್ ಮನೆಗೆ ಬಂದ. ರಕ್ತ ಕೊಟ್ಟಾಯಿತು, ಗುರುವಾರ ಗೊತ್ತಾಗುತ್ತದೆ ಅಂದ. ಯಾದಿರಾ ಆಗಲೇ ಬಂದುಹೋಗಿದ್ದಳು, ನಾನು ಅವನಪ್ಪನ ತೋಳು ಅಳೆಯುತ್ತಿದ್ದೆ. ಇಪ್ಪತ್ತು ಬಂದಿತ್ತು. ಆ ಸಂಖ್ಯೆ ನೋಡಿದ ಕಣ್ಣಿಗೆ ಏನಾದರೂ ಒಳ್ಳೆಯದು ಬೇಕಾಗಿತ್ತು ಅಂತ ಕಾಣುತ್ತದೆ. ಬಾರೋ ಇಲ್ಲಿ, ನಿನ್ನದೆಷ್ಟಿದೆ ನೋಡೋಣ ಅಂತ ಮಗನನ್ನು ಕರೆದೆ. ಅವನು ನಗುತ್ತಾ ತೋಳು ಚಾಚಿದ. ಅಂಗಿಗೆ ತೋಳಿರಲಿಲ್ಲ. ನಡುವಿಗೆ ಗೆರೆ ಹಾಕಿ ಟೇಪು ಸುತ್ತಿದೆ. ಮೂವತ್ತೊಂದು. ಹೊಟ್ಟೆ ತಂಪಾಯಿತು. ಆ ಕಡೆಯದೂ ನೋಡಿದೆ, ಅದೂ ಮೂವತ್ತೊಂದು.

ಟೇಪು ಸುತ್ತಿಡುವಾಗ ತಲೆಯಲ್ಲಿ ಏನೋ ಕೊರೆಯಿತು. ಎರಡು ತೋಳು ಹಿಡಿದು ನೋಡಿದ್ದೆ. ಎರಡರಲ್ಲೂ ಹತ್ತಿಯಿಲ್ಲ. ಹತ್ತಿ ಬಿದ್ದುಹೋಯಿತು ಅನ್ನೋಣ, ಚುಚ್ಚಿದ ಕಲೆಯಾದರೂ ಬೇಡವೇ? ತಿಂಗಳುಗಟ್ಟಲೆ ತೋಳು ನೋಡಿದವಳು ನಾನು, ಸೊಳ್ಳೆ ಕಚ್ಚಿದ್ದು ಕೂಡ ಗೊತ್ತಾಗುತ್ತದೆ. ಎಲ್ಲಿಂದ ತೆಗೆದರೋ ಅಂತ ಕೇಳಿದೆ. ಅಂಗೈ ಹಿಂದಿನಿಂದ ಅಂದ. ಅಂಗೈ ಹಿಂದೆಯೂ ಏನಿರಲಿಲ್ಲ. ನಾನು ನೋಡುತ್ತಿದ್ದಂತೆ ಕೈ ಜೇಬಿಗೆ ಹೋಯಿತು, ಅವನು ಬೀದಿಗೆ ಹೋದ.

ಊಟದ ಹೊತ್ತಾದ ಮೇಲೆ ನಿಕಾನೋರ್ ಬಂದ. ನಿಕಾನೋರ್ ನನ್ನ ಬೆನ್ನಲ್ಲಿ ಹುಟ್ಟಿದ ತಮ್ಮ. ನಮ್ಮಮ್ಮ ಹೋದಾಗ ಅವನಿಗೆ ಆರು, ನನಗೆ ಹದಿನೇಳು. ಓಣಿಯ ಮಕ್ಕಳೆಲ್ಲ ಹದಿನಾಲ್ಕಕ್ಕೆ ಮಚ್ಚು ಹಿಡಿದರೆ ಇವನನ್ನು ನಾನು ಕ್ಷೌರದ ಕೆಲಸಕ್ಕೆ ಹಾಕಿದೆ. ಒಂದು ದಿನ ಕೂಡ ಕಬ್ಬಿನ ಗದ್ದೆಗೆ ಕಾಲಿಡಲು ಬಿಡಲಿಲ್ಲ. ಈಗ ಬಸ್ ಸ್ಟ್ಯಾಂಡಿನಲ್ಲಿ ಅವನದೇ ಅಂಗಡಿ. ವಾರಕ್ಕೊಮ್ಮೆ ಬಂದು ಭಾವನಿಗೆ ಗಡ್ಡ ಹೆರೆದು, ತಲೆಗೆ ಎಣ್ಣೆ ಹಾಕಿ ಹೋಗುತ್ತಿದ್ದ. ಇಂಥ ತಮ್ಮ ಯಾರಿಗಿದ್ದಾನೆ ಅಂತ ಹೇಳಿಕೊಂಡು ಹಿಗ್ಗಿದ್ದೆ.

ಆ ಸೆಕೆಯಲ್ಲಿ ಅವನು ತುಂಬುತೋಳಿನ ಅಂಗಿ ಹಾಕಿಕೊಂಡು ಬಂದಿದ್ದ. ಕತ್ತಿ ಮಸೆದ, ಸೋಪು ನೊರೆ ಮಾಡಿದ. ಎವರಿಸ್ತೋನ ಕೆನ್ನೆ ಒಳಗೆ ಹೋಗಿಬಿಟ್ಟಿತ್ತು. ಕತ್ತಿ ಆಡಿಸಲು ಬಾಯೊಳಗೆ ಬೆರಳಿಟ್ಟು ಕೆನ್ನೆ ಉಬ್ಬಿಸಬೇಕಾಗಿತ್ತು. ತೋಳು ಒದ್ದೆಯಾಗುತ್ತದೆ, ಮಡಿಚಿಕೋ ಅಂದೆ. ಪರವಾಗಿಲ್ಲ ಅಂದ. ನಾನು ಹಿಂದಿನಿಂದ ಹೋಗಿ ಅವನ ಎಡತೋಳು ಹಿಡಿದು ಅಂಗಿ ಮೇಲೆ ಸರಿಸಿದೆ. ಹತ್ತಿ. ಅದರ ಮೇಲೆ ಬಿಳಿ ಪಟ್ಟಿ.

"ಏನೋ ಇದು?"

"ರಕ್ತದಾನ ಮಾಡ್ದೆ ಅಕ್ಕ."

"ಯಾರಿಗೆ?"

ಅವನು ನನಗೆ ಉತ್ತರ ಕೊಡುವ ಮುಂಚೆ ನನ್ನ ಗಂಡನ ಮುಖ ನೋಡಿದ. ಎವರಿಸ್ತೋ ಸೋಪಿನ ಮುಖದಲ್ಲೇ ಕಣ್ಣು ಮುಚ್ಚಿಕೊಂಡ. ಆ ಎರಡು ಮುಖ ನೋಡಿದೊಡನೆ ನನಗೆ ಮೂರು ಅಕ್ಟೋಬರ್ ಒಂದರ ಹಿಂದೊಂದು ನೆನಪಾದವು. ಮೂರರಲ್ಲೂ ನಿಕಾನೋರನ ತೋಳಿನಲ್ಲಿ ಹತ್ತಿಯಿತ್ತು. ಒಂದು ಸಲ ಡೆಂಗ್ಯೂ ಪರೀಕ್ಷೆ ಅಂದಿದ್ದ, ಒಂದು ಸಲ ಸಕ್ಕರೆ ಕಾಯಿಲೆ ಪರೀಕ್ಷೆ. ಕ್ಷೌರದವನಿಗೆ ಕಟಾವಿನ ತಿಂಗಳಲ್ಲೇ ಯಾಕೆ ಇಷ್ಟು ಪರೀಕ್ಷೆ ಅಂತ ಕೇಳುವ ಬುದ್ಧಿ ನನಗಿರಲಿಲ್ಲ.

"ಅಕ್ಕ, ಭಾವ ಕೈ ಮುಗಿದು ಕೇಳಿದ್ರು," ಅಂದ ನಿಕಾನೋರ್. ಕತ್ತಿ ಕೈಯಲ್ಲೇ ಇತ್ತು. "ಹೆಸರು ಕೂಗಿದಾಗ ನಾನು ಹೋಗಿ ತೋಳು ಚಾಚೋದು. ಅಲ್ಲಿ ಯಾರೂ ಮುಖ ನೋಡಲ್ಲ, ಮೇಸ್ತ್ರಿಗೆ ತಲೆ ಎಣಿಕೆ ತುಂಬಿದ್ರೆ ಸಾಕು. ಒಂದು ಸೀಸೆ ರಕ್ತ ತಾನೆ ಅನ್ನಿಸ್ತು. ಒಂದೇ ವರ್ಷ ಅಂದಿದ್ರು, ಆಮೇಲೆ ಇನ್ನೊಂದು ಅಂದ್ರು."

"ಇವತ್ತಿಂದು ಯಾರ ಹೆಸರಿಗೆ?"

ಅವನು ಕತ್ತಿ ಒರೆಸಿ ಕೆಳಗಿಟ್ಟ. ಓಸ್ಮಿನ್ ಹೆಸರಿಗೇ ಅಂದು ಎಲ್ಲ ಹೇಳಿದ. ಓಸ್ಮಿನ್ ಹೋದ ತಿಂಗಳು ಚಿನಾಂದೆಗಾದ ಲ್ಯಾಬಿನಲ್ಲಿ ಗುಟ್ಟಾಗಿ ಪರೀಕ್ಷೆ ಮಾಡಿಸಿದ್ದನಂತೆ. ಒಂದು ಬಿಂದು ಒಂಬತ್ತು ಬಂದಿದೆ. ಓಡಿಬಂದು ಅಪ್ಪನ ಕಿವಿಯಲ್ಲಿ ಹೇಳಿದ್ದಾನೆ. ಈ ಜೋಲಿಯಲ್ಲಿ, ಈ ಮರದ ಕೆಳಗೆ, ನಾನು ಹತ್ತು ಹೆಜ್ಜೆ ದೂರದ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿರುವಾಗ. ಅಪ್ಪನಾದವನು ಮಗನಿಗೆ ದಾರಿ ಹೇಳಿಕೊಟ್ಟಿದ್ದಾನೆ: ಮಾವನನ್ನು ಕೇಳು.

ತಮ್ಮನಿಗೆ ಇಷ್ಟೇ ಅಂದೆ: "ಕಬ್ಬು ಮುಟ್ಟದೆ ಇರಲಿ ಅಂತ ನಿನ್ನ ಬೆಳೆಸ್ದೆ. ಆ ರಕ್ತಾನೇ ತಗೊಂಡ್ಹೋಗಿ ನನ್ನ ಗಂಡನ್ನ ಕಬ್ಬಿಗೆ ನೂಕಿದೆಯಲ್ಲೋ. ಇನ್ನು ಈ ಅಂಗಳಕ್ಕೆ ಬರ್ಬೇಡ." ಅವನು ಅತ್ತ. ಅರ್ಧ ಹೆರೆದ ಗಡ್ಡ ಬಿಟ್ಟು ಪೆಟ್ಟಿಗೆ ಮುಚ್ಚಿಕೊಂಡು ಹೋದ. ಉಳಿದರ್ಧ ನಾನೇ ಹೆರೆದೆ. ಎರಡು ಕಡೆ ಗಾಯವಾಯಿತು.

ಮುಖ ಒರೆಸಿ ಕೇಳಿದೆ, ಮಗನಿಗೆ ಅದನ್ನು ಹೇಳಿಕೊಡಲು ನಿನಗೆ ನಾಲಗೆ ಹೇಗೆ ಬಂತು ಅಂತ. ಇಲ್ಲಿ ಬೇರೆ ಏನಿದೆ ಅವನಿಗೆ, ಒಂದೆರಡು ವರ್ಷ ಕಡಿದು ಬಿಡುತ್ತಾನೆ, ಎಲ್ಲರಿಗೂ ನನ್ನ ಹಾಗೇ ಆಗುವುದಿಲ್ಲ ಅಂದ. ಆ ಮಾತಾಡುವಾಗ ಎದೆಯ ಮೇಲಿದ್ದ ಅವನ ಕೈ ನೋಡಿದೆ. ಚರ್ಮ ಮೂಳೆಗೆ ಅಂಟಿತ್ತು. ಆ ಕೈ ಎದುರಿಗಿಟ್ಟುಕೊಂಡು ಈ ಮಾತು ಹೇಳುವವನನ್ನು ಏನು ಮಾಡುವುದು?

ಮೋಸ ಅನ್ನುವುದು ಒಂದೇ ಸಲಕ್ಕೆ ತಿಳಿಯುವುದಿಲ್ಲ. ಆ ಮಧ್ಯಾಹ್ನವೆಲ್ಲ ಒಂದೊಂದಾಗಿ ನೆನಪಾಗುತ್ತಾ ಹೋಯಿತು. ಮೂತ್ರಪಿಂಡ ಕೆಟ್ಟಿದೆ ಅಂತ ಅವನಿಗೆ ಗೊತ್ತಿದ್ದ ಆ ಮೂರು ವರ್ಷ ಅವನ ಬುತ್ತಿ ಕಟ್ಟಿದವಳು ನಾನು. ಉಪ್ಪು ಸುರಿದ ಕಾಳು, ಮುಷ್ಟಿ ಗಾತ್ರದ ಕುವಾಹಾದ, ಬಿಸಿಲಿಗೆ ಒಳ್ಳೆಯದು ಅಂತ ಕೋಲಾ ಬಾಟಲಿ. ರಾತ್ರಿ ಸೊಂಟ ನೋಯುತ್ತದೆ ಅಂದರೆ ಅಂಗಡಿಯಿಂದ ನೋವಿನ ಮಾತ್ರೆ. ಎಲ್ಲ ನನ್ನ ಕೈಯಾರೆ. ಅವನು ತಿಂದ, ಚೆನ್ನಾಗಿದೆ ಅಂದ, ಖಾಲಿ ಡಬ್ಬಿ ತಂದುಕೊಟ್ಟ. ಅದು ತನ್ನನ್ನು ಕೊಲ್ಲುತ್ತಿದೆ ಅಂತ ಗೊತ್ತಿದ್ದೂ ಒಂದು ದಿನ ಬೇಡ ಅನ್ನಲಿಲ್ಲ. ನನ್ನ ಕೈಯನ್ನೇ ಬಳಸಿಕೊಂಡ. ಗೇಟಿನ ಮುಂದೆ ನನ್ನ ಬಾಯಿ ಬಳಸಿಕೊಂಡ. ಬಿದ್ದಮೇಲೆ ಎರಡು ನೀರು ಚೆಲ್ಲಿ ಬೇಯಿಸಿದ ಸಪ್ಪೆ ಆಲೂಗಡ್ಡೆ ತಿನ್ನುತ್ತಾ ನನ್ನನ್ನು ನೋಡಿ ಏನಂದುಕೊಂಡನೋ.

ಮಾತೆಯ ಪಟದ ಹಿಂದಿನಿಂದ ಮೂರು ಕಾಗದ ತೆಗೆದೆ. ಮರುದಿನ ಬೆಳಗ್ಗೆ ರೊಟ್ಟಿಯ ಬುಟ್ಟಿ ಪಕ್ಕದ ಮನೆಯಲ್ಲಿಟ್ಟು ಫ್ಯಾಕ್ಟರಿಗೆ ನಡೆದೆ. ಮೇಸ್ತ್ರಿಯ ಹತ್ತಿರ ಹೋಗಿ ಉಪಯೋಗವಿರಲಿಲ್ಲ, ಅವನಿಗೆ ಇದೆಲ್ಲ ಗೊತ್ತಿದ್ದದ್ದೇ. ಗೇಟಿನ ಕಾವಲುಗಾರ ನನ್ನ ಗುರುತು ಹಿಡಿದ.

"ಬಂದ್ಯಾ ತಾಯಿ ಮತ್ತೆ? ಈ ಸಲ ಯಾವ ಕಾಗದ?"

ಅವೇ ಕಾಗದ ಅಂದೆ. ಒಳಗಿನ ಚಿಕಿತ್ಸಾಲಯದ ಕಿಟಕಿಯಲ್ಲಿ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ಅವಳ ಮುಂದೆ ಮೂರೂ ಇಟ್ಟೆ. ಈ ರಕ್ತ ನನ್ನ ಗಂಡನದಲ್ಲ, ನನ್ನ ತಮ್ಮನದು ಅಂದೆ. ನಿನ್ನೆ ಮೇಸ್ತ್ರಿಯ ಅಂಗಳದಲ್ಲಿ ಓಸ್ಮಿನ್ ಹೆಸರಿಗೆ ಕೊಟ್ಟ ರಕ್ತವೂ ಅವನದಲ್ಲ, ನನ್ನ ಮಗನನ್ನು ಇಲ್ಲಿಗೇ ಕರೆಸಿ ನಿಮ್ಮ ಕಣ್ಣೆದುರಿಗೆ ತೆಗೆಯಿರಿ ಅಂದೆ. ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಹಾಗಾದರೆ ಅವತ್ತು ನೀವು ಕೂಗಿದ್ದು ಸುಳ್ಳಾ ಅಂತ ಕೇಳಿದಳು.

"ಕಾಗದದ ಮಾತು ಸುಳ್ಳು," ಅಂದೆ. "ನೆತ್ತಿ ಮೇಲೆ ಬಿಸಿಲು ಬಂದ್ರೂ ನೆರಳಿಲ್ಲ ನೀರಿಲ್ಲ, ಹಾಗೆ ಕಡಿಸಿದ್ರಲ್ಲ, ಅದು ನಿಜ. ಅದನ್ನ ನಾನು ವಾಪಸ್ ತಗೊಳಲ್ಲ."

ಒಬ್ಬ ಓಸ್ಮಿನ್‌ಗೆ ಮಾತ್ರ ಮತ್ತೆ ಸೂಜಿ ಚುಚ್ಚುತ್ತಾರೆ ಅಂದುಕೊಂಡಿದ್ದೆ. ಆದರೆ ಫ್ಯಾಕ್ಟರಿಯವರು ಶುಕ್ರವಾರ ಇಡೀ ಗ್ಯಾಂಗನ್ನು ಗೇಟಿನೊಳಗೆ ಕರೆದು, ಗುರುತಿನ ಚೀಟಿ ಮುಖದ ಪಕ್ಕ ಹಿಡಿದು, ಒಬ್ಬೊಬ್ಬರದೇ ರಕ್ತ ತೆಗೆದರು. ಓಸ್ಮಿನ್‌ದು ಎರಡಕ್ಕೆ ಹತ್ತಿರ ಬಂತು. ಅವನ ಜೊತೆ ಇನ್ನೂ ಹನ್ನೊಂದು ಜನರ ಹೆಸರು ಹೊಡೆದುಹೋಯಿತು. ನಮ್ಮ ಒಂದೇ ಓಣಿಯಲ್ಲಿ ಹನ್ನೊಂದು ಮನೆ ಬೇರೆಯವರ ರಕ್ತದಲ್ಲಿ ಒಲೆ ಹಚ್ಚುತ್ತಿದ್ದವು. ತಮ್ಮಂದಿರು, ಭಾವಂದಿರು, ಒಂದು ಮನೆಯಲ್ಲಂತೂ ಗಂಡನ ಅಂಗಿ ಟೊಪ್ಪಿ ತೊಟ್ಟು ಹೋದ ಹೆಂಡತಿಯ ರಕ್ತ. ನನಗೊಬ್ಬಳಿಗೆ ಗೊತ್ತಿರಲಿಲ್ಲ. ಅಥವಾ ನನ್ನ ಬಾಯಿಗೆ ಹೆದರಿ ನನ್ನೆದುರು ಯಾರೂ ಆಡಿರಲಿಲ್ಲ.

ಅಂದಿನಿಂದ ನನ್ನ ರೊಟ್ಟಿಯನ್ನು ಯಾರೂ ಕೊಳ್ಳಲಿಲ್ಲ. ಬೆಳಗ್ಗೆ ಬುಟ್ಟಿ ಹೊತ್ತು ಹೋದರೆ ಬಾಗಿಲುಗಳು ಮುಚ್ಚಿರುತ್ತಿದ್ದವು. ಇಪ್ಪತ್ತು ವರ್ಷ ನನ್ನ ಜೊತೆ ಜೋಳ ಬೀಸಿದ ಗೆಳತಿ ಬೀದಿಯಲ್ಲಿ ಸಿಕ್ಕಿ, ನಿನ್ನ ಗಂಡ ಹೇಗೂ ಹೋಗುವವನು, ನಮ್ಮವರನ್ನು ಯಾಕೆ ಎಳೆದೆ ಅಂದಳು. ಬೇರೆ ಊರಿನ ಬಸ್ ಹಿಡಿದು ಮಾರತೊಡಗಿದೆ.

ಓಸ್ಮಿನ್ ಆ ಶುಕ್ರವಾರ ಸಂಜೆ ಬಟ್ಟೆ ಗಂಟು ಕಟ್ಟಿದ. ಅಪ್ಪನ ಹಣೆಗೆ ಮುತ್ತಿಟ್ಟ. ಬಾಗಿಲಲ್ಲಿ ನನ್ನ ಕಡೆ ತಿರುಗಿದ.

"ಅಪ್ಪ ಸುಳ್ಳು ಹೇಳಿದ್ರೂ ನಮ್ಮನ್ನ ಕಾಪಾಡ್ತಿದ್ರು. ನೀನು ನಿಜ ಹೇಳಿ ಮಾರಿಬಿಟ್ಟೆ ಅಮ್ಮ."

ನಿಕಾನೋರನ ಮನೆಗೆ ಹೋದ. ನನಗೆ ಮೋಸ ಮಾಡಿದವರೆಲ್ಲ ಒಂದು ಸೂರಿನಡಿ ಸೇರಿದರು. ಒಬ್ಬ ಮಾತ್ರ ನನ್ನ ಪಾಲಿಗೆ ಉಳಿದ, ಅವನನ್ನು ನಾನು ದಿನಕ್ಕೆರಡು ಸಲ ಒರೆಸಬೇಕು, ಮಗ್ಗುಲು ಬದಲಿಸಬೇಕು, ಮುಲಾಮು ಹಚ್ಚಬೇಕು.

ಹಚ್ಚಿದೆ. ಸಿಟ್ಟಿನಲ್ಲೇ ಹಚ್ಚಿದೆ. ಅವನು ನನ್ನ ಹತ್ತಿರ ಮಾತಾಡುವುದು ಬಿಟ್ಟಿದ್ದ, ನಾನೂ ಬಿಟ್ಟಿದ್ದೆ. ಯಾದಿರಾ ಬಂದಾಗ ಇಬ್ಬರೂ ಅವಳ ಹತ್ತಿರ ಮಾತಾಡುತ್ತಿದ್ದೆವು. ಅವಳಿಗೆ ಓಣಿಯ ಸುದ್ದಿಯೆಲ್ಲ ಗೊತ್ತಿತ್ತು. ಯಾರ ಪರವೂ ವಹಿಸಲಿಲ್ಲ. ಒಂದು ಮಂಗಳವಾರ ಮಾತ್ರ, ಹೊರಡುವಾಗ ಹೆಲ್ಮೆಟ್ ಕೈಯಲ್ಲಿ ಹಿಡಿದು, "ಟೇಪು ಇನ್ನು ಒಳಗಿಡಿ ದೋನ್ಯಾ ಪೋಲಾ. ಅಳತೆ ನೋಡಿ ಇನ್ನು ಮಾಡೋದೇನಿಲ್ಲ. ಅವರ ಆಸೆ ಏನಿದೆ ಕೇಳಿ," ಅಂದಳು. ಅಂದು ಹತ್ತೊಂಬತ್ತು ಇತ್ತು. ಬಾಗಿಲ ಮೇಲೆ ಅದೇ ಕೊನೆಯ ಗೆರೆ.

ಅವಳು ಹೋದ ಮೇಲೆ ಅವನ ಮುಂದೆ ನಿಂತು, ಏನು ಬೇಕು ಅಂತ ಕೇಳಿದೆ. ಹದಿನೈದು ದಿನದಲ್ಲಿ ನಾನು ಅವನಿಗೆ ಆಡಿದ ಮೊದಲ ಮಾತು. ಕುವಾಹಾದ ಅಂದ. ಅಂಗಡಿಗೆ ಹೋದರೆ ಕೊಡುತ್ತಾರೋ ಇಲ್ಲವೋ ಅಂತ ಹಾಲು ತಂದು ನಾನೇ ಒಡೆಸಿದೆ, ನಾನೇ ಹಿಂಡಿದೆ, ಉಪ್ಪು ಹಾಕುವಾಗ ಒಂದು ಗಳಿಗೆ ಕೈ ತಡೆಯಿತು. ಹಾಕಿದೆ. ಮೊದಲು ಹಾಕುತ್ತಿದ್ದಷ್ಟೇ ಹಾಕಿದೆ. ಬಿಸಿ ರೊಟ್ಟಿಯ ಚೂರಿನಲ್ಲಿ ಕಡಲೆಯಷ್ಟು ಇಟ್ಟು ಬಾಯಿಗೆ ಕೊಟ್ಟೆ. ಬಹಳ ಹೊತ್ತು ಅಗಿದ. ಮೂರು ಸಲ ತಿಂದ. ರುಚಿ ಗೊತ್ತಾಗುತ್ತದಾ ಅಂದೆ, ತಲೆಯಾಡಿಸಿದ. ಸುಳ್ಳೋ ನಿಜವೋ, ಅವನ ವಿಷಯದಲ್ಲಿ ಇನ್ನು ನನಗೆ ತಿಳಿಯುವುದಿಲ್ಲ.

ನೀರು ಕುಡಿಸಿ ಬಾಯಿ ಒರೆಸುವಾಗ ಅವನು ನನ್ನ ಮಣಿಕಟ್ಟು ಹಿಡಿದುಕೊಂಡ.

"ಮಗನಿಗೆ ಮಾಡಿದ್ದನ್ನ ಅವತ್ತು ನನಗೂ ಮಾಡ್ಬೇಕಿತ್ತು ನೀನು, ಪೋಲಾ."

"ಹೇಳಿದ್ರೆ ಮಾಡ್ತಿದ್ದೆ."

"ಗೊತ್ತು," ಅಂದ. "ಅದಕ್ಕೇ ಹೇಳ್ಲಿಲ್ಲ."

ಕೈ ಬಿಡಿಸಿಕೊಂಡು ಒಲೆಯ ಮುಂದೆ ಬಂದು ಕೂತೆ. ಇಪ್ಪತ್ತನಾಲ್ಕು ವರ್ಷ ಜೊತೆಗೆ ಬಾಳಿದವನು ನನ್ನನ್ನು ಅಷ್ಟು ಚೆನ್ನಾಗಿ ತಿಳಿದಿದ್ದ. ತಿಳಿದಿದ್ದಕ್ಕೇ ನನ್ನನ್ನು ದೂರವಿಟ್ಟ. ಅದನ್ನು ಪ್ರೀತಿ ಅಂತ ಪಾದ್ರಿ ಅನ್ನುತ್ತಾರೆ. ನನಗೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ, ಬಂದಿಲ್ಲ.

ನವೆಂಬರ್ ಕೊನೆಯ ವಾರ, ಮಧ್ಯಾಹ್ನ, ಜೋಲಿಯಲ್ಲೇ ಹೋದ. ನರಳಲಿಲ್ಲ. ಅಷ್ಟು ಮಟ್ಟಿಗೆ ಯಾದಿರಾ ಮಾತು ಉಳಿಸಿಕೊಂಡಳು. ಈ ಇಡೀ ಕತೆಯಲ್ಲಿ ನನಗೆ ಮಾತು ಕೊಟ್ಟು ಉಳಿಸಿಕೊಂಡವಳು ಅವಳೊಬ್ಬಳೇ.

ಹೆಣದ ಪೆಟ್ಟಿಗೆ ಹೊರಲು ಓಣಿಯಿಂದ ಯಾರು ಬರುತ್ತಾರೋ ಅಂತ ಭಯವಿತ್ತು. ಬಂದರು. ಹೆಸರು ಹೊಡೆದುಹೋದ ಹನ್ನೊಂದು ಜನರಲ್ಲಿ ಏಳು ಮಂದಿ ಬಂದರು, ನನ್ನ ಮುಖ ನೋಡದೆ ಒಳಗೆ ಹೋದರು. ನಿಕಾನೋರ್ ಬೇಲಿಯ ಆಚೆ ನಿಂತಿದ್ದ. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಅವನು ಹೆಗಲು ಕೊಡುವಾಗ ಬೇರೆ ಕಡೆ ನೋಡಿದೆ.

ಮುಂದಿನ ಎಡಗಡೆ ಓಸ್ಮಿನ್ ಹಿಡಿದಿದ್ದ. ಪೆಟ್ಟಿಗೆ ಹಗುರವಾಗಿತ್ತು, ಎತ್ತಿದ ಕೂಡಲೇ ಎಲ್ಲರ ಮುಖದಲ್ಲೂ ಅದು ಗೊತ್ತಾಯಿತು. ಸ್ಮಶಾನದ ದಾರಿಯ ಎರಡೂ ಕಡೆ ಕಬ್ಬು ಆಳೆತ್ತರಕ್ಕೆ ನಿಂತಿತ್ತು. ಒಳಗೆಲ್ಲೋ ಬೇರೆ ಊರಿನ ಗ್ಯಾಂಗು ಕಡಿಯುತ್ತಿದ್ದ ಸದ್ದು ಬರುತ್ತಿತ್ತು. ಓಸ್ಮಿನ್ ಒಂದು ಸಲ ಆ ಸದ್ದಿನ ಕಡೆ ತಿರುಗಿ ನೋಡಿದ. ನನ್ನ ಕಡೆ ನೋಡಲಿಲ್ಲ, ಹೋಗುವಾಗಲೂ ಬರುವಾಗಲೂ. ನಾನು ಮಾತ್ರ ದಾರಿಯುದ್ದಕ್ಕೂ ಅವನ ಹಿಂದೆಯೇ ನಡೆದು, ಪೆಟ್ಟಿಗೆಯ ಭಾರಕ್ಕೆ ಉಬ್ಬಿದ ಅವನ ತೋಳು ನೋಡುತ್ತಿದ್ದೆ. ಟೇಪು ಬೇಕಾಗಿರಲಿಲ್ಲ. ಅದು ಇನ್ನೂ ಮೂವತ್ತೊಂದೇ ಇತ್ತು.